ಭಾರ ಎಳೆಯುವ ಹಳೆಯ ಪಿಕಪ್: ಚೆಕ್ ಎಂಜಿನ್ ದೀಪ ಹತ್ತಿದರೆ ಎಲ್ಲಿಂದ ಹುಡುಕಬೇಕು?

ಖಾಲಿ ಓಡುವಾಗ ಗಾಡಿ ಯಾವ ತಕರಾರೂ ಮಾಡುವುದಿಲ್ಲ. ಹಿಂದೆ ಟ್ರೇಲರ್ ಕಟ್ಟಿ ಏರು ಹತ್ತಿಸಿದರೆ ಸಾಕು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0420 ಎಂಬ ಕೋಡ್ ಬರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಸರಿಯಾಗಿ ಶುದ್ಧ ಮಾಡುತ್ತಿಲ್ಲ ಅಂತ ಅದರ ಅರ್ಥ. ಹಾಗಾದರೆ ಕನ್ವರ್ಟರ್ ಬದಲಿಸಿಬಿಡೋಣ ಅನಿಸುತ್ತದೆ, ಅಲ್ವಾ? ನಾನೂ ಒಮ್ಮೆ ಹಾಗೇ ಮಾಡಿದೆ. ಕೆಲವೇ ವಾರಗಳಲ್ಲಿ ದೀಪ ಮತ್ತೆ ಹತ್ತಿತು. ಕೊನೆಗೆ ಸಿಕ್ಕಿದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ (ಸಿಲಿಂಡರ್‌ಗಳಿಂದ ಹೊಗೆ ಹೊರಬರುವ ಮೊದಲ ಕೊಳವೆ) ಹಿಂಬದಿಯಲ್ಲಿ ಮುರಿದಿದ್ದ ಒಂದು ಬೋಲ್ಟ್. ಆದ್ದರಿಂದ ಕನ್ವರ್ಟರನ್ನು ಕೊನೆಗೆ ನೋಡಿ. ಎಂಜಿನ್‌ನಿಂದ ಶುರು ಮಾಡಿ, ಹೊಗೆ ಹೋಗುವ ದಾರಿಯಲ್ಲೇ ಹಿಂದಕ್ಕೆ ಬನ್ನಿ.

ಇಲ್ಲಿ ಹೇಳುತ್ತಿರುವುದು ಸ್ಕ್ಯಾನರ್ ಚುಚ್ಚುವ ಓಬಿಡಿ-2 ಪೋರ್ಟ್ ಇರುವ ಪೆಟ್ರೋಲ್ ಗಾಡಿಗಳ ಬಗ್ಗೆ. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಇದು ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ ಹುಡುಕಿದರೆ 16 ಪಿನ್‌ಗಳ ಈ ಪೋರ್ಟ್ ಸಿಗುತ್ತದೆ.

ಎಂಜಿನ್ ಚಾಲೂ ಇಟ್ಟು ನೋಡುವ ಕೆಲಸವನ್ನೆಲ್ಲ ಬಯಲಲ್ಲೇ ಮಾಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣ ತೆಗೆಯುತ್ತದೆ. ಚಕ್ರಗಳಿಗೆ ಅಡ್ಡ ಕೊಡುವುದನ್ನೂ ಮರೆಯಬೇಡಿ.

ಮೊದಲು ಕೋಡ್ ಬರೆದಿಟ್ಟುಕೊಳ್ಳಿ, ಅಳಿಸಬೇಡಿ

ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಎಂಬ ಮಾಹಿತಿಯೂ ಇರುತ್ತದೆ. ದೀಪ ಹತ್ತಿದ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಲೋಡ್ ಎಷ್ಟಿತ್ತು, ಕೂಲಂಟ್ ಎಷ್ಟು ಬಿಸಿಯಾಗಿತ್ತು ಎಲ್ಲವೂ ಅದರಲ್ಲಿ ಸಿಗುತ್ತದೆ. ಕೋಡ್ ಅಳಿಸಿದರೆ ಇದೂ ಹೋಗುತ್ತದೆ. ಟ್ರೇಲರ್ ಎಳೆಯುವ ಗಾಡಿಗೆ ಇದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ತೊಂದರೆ ಏರಿನಲ್ಲಿ ಬಂತೋ, ನಿಂತಲ್ಲೇ ಬಂತೋ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನವಾಗಿ ನೋಡಬಹುದು. ಮಿನುಗುತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು, ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಸುಡುತ್ತಿಲ್ಲ ಎಂದರ್ಥ. ಸುಡದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಸುಡುತ್ತದೆ. ಒಳಗಿನ ಜೇನುಗೂಡಿನಂಥ ಭಾಗ ಆ ಬಿಸಿಗೆ ಕರಗಿಬಿಡುತ್ತದೆ.

ಮಿಸ್ಸಿಂಗ್ ಇದ್ದರೆ ಅದನ್ನೇ ಮೊದಲು ಸರಿಮಾಡಿ

ಪಿ0300 ಎಂದರೆ ಯಾವುದೋ ಒಂದೇ ಸಿಲಿಂಡರ್ ಅಂತ ಹೇಳಲಾಗದ ಮಿಸ್ಸಿಂಗ್. ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು, ಹೀಗೆ. ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ. ಆಗ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ಗ್ಯಾಪ್ ದೊಡ್ಡದಾದ ಸ್ಪಾರ್ಕ್ ಪ್ಲಗ್, ಬಿರುಕು ಬಿಟ್ಟ ಪ್ಲಗ್ ವೈರ್, ಸೊರಗಿದ ಕಾಯಿಲ್ (ಪ್ಲಗ್‌ಗೆ ವೋಲ್ಟೇಜ್ ಕೊಡುವ ಸುರುಳಿ) ಸಿಕ್ಕಿಬೀಳುವುದು ಆಗಲೇ. ಖಾಲಿ ಗಾಡಿಯಲ್ಲಿ ಇವು ಸುಳಿವೇ ಕೊಡುವುದಿಲ್ಲ. ಕೋಡ್ ಒಂದು ಸಿಲಿಂಡರನ್ನು ತೋರಿಸಿದರೆ, ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ ಆ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಹಾಕಿ ಓಡಿಸಿ ನೋಡಿ. ಕೋಡ್ ಕೂಡ ಪಕ್ಕಕ್ಕೆ ಹೋದರೆ ಕಾಯಿಲೇ ಕೆಟ್ಟಿದೆ.

ಫ್ಯುಯೆಲ್ ಟ್ರಿಮ್ ಓದಿ

ಎಂಜಿನ್ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಹಾಕುತ್ತಿದೆ ಎಂಬುದನ್ನು ಸ್ಕ್ಯಾನರಿನಲ್ಲಿ ಶೇಕಡಾ ಲೆಕ್ಕದಲ್ಲಿ ನೋಡಬಹುದು. ಶಾರ್ಟ್ (ಆ ಕ್ಷಣದ್ದು) ಮತ್ತು ಲಾಂಗ್ (ದೀರ್ಘಾವಧಿಯದು) ಟ್ರಿಮ್ ಎರಡೂ ಸೇರಿ ಸುಮಾರು 10ರೊಳಗೆ ಇದ್ದರೆ, ಪ್ಲಸ್ ಆಗಲಿ ಮೈನಸ್ ಆಗಲಿ, ಚಿಂತೆ ಇಲ್ಲ. ಐಡ್ಲಿಂಗಿನಲ್ಲಿ ಪ್ಲಸ್ ಜಾಸ್ತಿ ಇದ್ದು, 2,500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಸೋರಿಕೆ ಇದೆ. ಹಳೆಯ ಗಾಡಿಗಳಲ್ಲಿ ವ್ಯಾಕ್ಯೂಮ್ ಪೈಪುಗಳು ಒಣಗಿ ಬಿರಿಯುತ್ತವೆ. ಏರು ಹತ್ತುವಾಗ ಮಾತ್ರ ಪ್ಲಸ್ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್, ಪಂಪಿನ ಪ್ರೆಷರ್, ಗಾಳಿ ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮೇಲಿನ ಕೊಳೆ, ಇಷ್ಟನ್ನೂ ನೋಡಿ.

ಮ್ಯಾನಿಫೋಲ್ಡಿನ ಟಿಕ್ ಟಿಕ್ ಸದ್ದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಭಾರ ಎಳೆದ ಗಾಡಿಗಳಲ್ಲಿ ಜನ ದಾಟಿ ಹೋಗುವ ಜಾಗ ಇದೇ. ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಬಿಸಿಯಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಟ್ರೇಲರ್ ಎಳೆದಷ್ಟೂ ಬಿಸಿ ಜಾಸ್ತಿ. ವರ್ಷಗಟ್ಟಲೆ ಈ ಎಳೆದಾಟ ತಡೆದ ಬೋಲ್ಟ್‌ಗಳು, ಅದರಲ್ಲೂ ಎರಡು ತುದಿಯವು, ಒಂದು ದಿನ ಮುರಿಯುತ್ತವೆ.

ಹೊಗೆ ಹೊರಗೆ ಸೋರುವುದಷ್ಟೇ ಇದರ ತೊಂದರೆಯಲ್ಲ. ಹೊಗೆ ಅಲೆ ಅಲೆಯಾಗಿ ಹೋಗುತ್ತದೆ. ಎರಡು ಅಲೆಗಳ ನಡುವೆ ಅದೇ ಸಂದಿನಿಂದ ಹೊರಗಿನ ಗಾಳಿ ಒಳಗೆ ಬರುತ್ತದೆ. ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ, ಕನ್ವರ್ಟರಿಗೆ ಮುಂಚೆ ಇರುವ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಡಿಮೆಯಾಯಿತು ಅಂದುಕೊಳ್ಳುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಆ ಹೆಚ್ಚಿನ ಪೆಟ್ರೋಲಿನ ಹೊರೆ ಕನ್ವರ್ಟರ್ ಮೇಲೆ ಬೀಳುತ್ತದೆ. ನನ್ನ ಹೊಸ ಕನ್ವರ್ಟರಿಗೆ ಆಗಿದ್ದೂ ಇದೇ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ಕಿವಿಗೊಡಿ. ಟಿಕ್ ಟಿಕ್ ಸದ್ದು ಬಂದು, ಎಂಜಿನ್ ಬಿಸಿಯಾದ ಮೇಲೆ ನಿಂತುಹೋದರೆ ಅನುಮಾನ ಗಟ್ಟಿ. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತದೆ. ಎಂಜಿನ್ ಆರಿಸಿ, ಪೂರ್ತಿ ತಣಿದ ಮೇಲೆ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಇದೆಯಾ, ಬೋಲ್ಟಿನ ತಲೆ ಎಲ್ಲಾದರೂ ಕಾಣೆಯಾಗಿದೆಯಾ ನೋಡಿ. ಮುರಿದ ಬೋಲ್ಟ್ ತೆಗೆಯುವುದು ನಾಜೂಕಿನ ಕೆಲಸ. ಅನುಭವ ಇಲ್ಲದಿದ್ದರೆ ಮೆಕ್ಯಾನಿಕ್ ಕೈಗೆ ಕೊಡಿ.

ಏರಿನಲ್ಲಿ ಕಟಕಟ ಸದ್ದೇ?

ಈಜಿಆರ್ ವಾಲ್ವ್ ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಕಳಿಸುತ್ತದೆ. ಅದರಿಂದ ಸಿಲಿಂಡರಿನ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್‌ಗಳೂ ಕಡಿಮೆಯಾಗುತ್ತವೆ. ಇದರ ದಾರಿ ಕಾರ್ಬನ್‌ನಿಂದ ಕಟ್ಟಿಕೊಂಡರೆ ಪಿ0401 ಬರುತ್ತದೆ, ಲೋಡ್ ಬಿದ್ದಾಗ ಎಂಜಿನ್ ಕಟಕಟ ಅನ್ನುತ್ತದೆ. ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ವಾಲ್ವ್ ಆದರೆ ಐಡ್ಲಿಂಗಿನಲ್ಲಿ ಕೈಪಂಪಿನಿಂದ ಎಳೆದು ತೆರೆಯಿರಿ. ಎಂಜಿನ್ ತಡವರಿಸಬೇಕು, ಇಲ್ಲವೇ ನಿಂತುಹೋಗಬೇಕು. ವಾಲ್ವ್ ತೆರೆದರೂ ಏನೂ ಆಗದಿದ್ದರೆ ದಾರಿ ಕಟ್ಟಿದೆ, ಬಿಚ್ಚಿ ತೊಳೆಯಿರಿ.

ಪಿ0455 ಅಥವಾ ಪಿ0442 ಬಂದರೆ ಪೆಟ್ರೋಲ್ ಆವಿ ಸೋರುತ್ತಿದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಮೊದಲು ನೋಡಿ.

ಈಗ ಕನ್ವರ್ಟರ್

ಮುಂದಿನ, ಅಂದರೆ ಕನ್ವರ್ಟರಿಗೆ ಮುಂಚೆ ಇರುವ, ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗ ಬೇಗ ಏರಿಳಿಯಬೇಕು. ಹಿಂದಿನದು, ಅಂದರೆ ಕನ್ವರ್ಟರ್ ದಾಟಿದ ಮೇಲಿನದು, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಹಿಂದಿನದೂ ಮುಂದಿನದರ ಹಾಗೇ ಕುಣಿಯುತ್ತಿದ್ದರೆ, ಸೋರಿಕೆಯೂ ಇಲ್ಲದಿದ್ದರೆ, ಆಗ ಕನ್ವರ್ಟರ್ ಸೋತಿದೆ ಎನ್ನಬಹುದು. ಏರಿನಲ್ಲಿ ದಮ್ಮು ಕಟ್ಟಿದಂತಾದರೆ ಅದು ಒಳಗೆ ಕಟ್ಟಿಕೊಂಡಿರಬಹುದು. ಮುಂದಿನ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ. ಎಂಜಿನ್ ಆಯಿಲ್ ಸುಡುತ್ತಿದ್ದರೆ ಅದನ್ನು ಸರಿಮಾಡದೆ ಹೊಸದು ಹಾಕಬೇಡಿ, ಆಯಿಲಿನ ರಂಜಕ ಅದನ್ನೂ ಹಾಳು ಮಾಡುತ್ತದೆ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಕೆಲವು ದಿನ ಖಾಲಿ ಗಾಡಿ ಓಡಿಸಿ. ಸ್ಕ್ಯಾನರಿನಲ್ಲಿ ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಂಪ್ಯೂಟರ್ ತಾನೇ ಮಾಡುವ ಪರೀಕ್ಷೆಗಳು, ಪೂರ್ತಿಯಾದವು ಅಂತ ತೋರಿಸಲಿ. ಆಮೇಲೆ ಟ್ರೇಲರ್ ಕಟ್ಟಿ, ದೀಪ ಹತ್ತಿದ್ದ ಅದೇ ಏರನ್ನು ಹತ್ತಿಸಿ. ಇಳಿದ ಮೇಲೆ ಪೆಂಡಿಂಗ್ ಕೋಡ್ (ಇನ್ನೂ ದೀಪ ಹತ್ತಿಸದ ಕೋಡ್) ಏನಾದರೂ ಇದೆಯಾ ನೋಡಿ.