ಎಂಬತ್ತರ ದಶಕದ ಪಾಪ್ ಹಾಡುಗಳಲ್ಲಿ ಹಾಡಿದವರನ್ನು ಬಿಟ್ಟು ಉಳಿದವರನ್ನು ಹುಡುಕುವುದು ಹೇಗೆ

ನಮ್ಮಲ್ಲಿ ಸಿನಿಮಾ ಹಾಡಿನ ಮಾತು ಬಂದರೆ 'ಇದು ಹಂಸಲೇಖ ಹಾಡು', 'ಇದು ರಾಜನ್-ನಾಗೇಂದ್ರ ಹಾಡು' ಅಂತಲೇ ಶುರುವಾಗುತ್ತದೆ. ಕುಣಿದವರು ಒಬ್ಬರು, ಹಾಡಿದವರು ಒಬ್ಬರು, ಬರೆದವರು ಇನ್ನೊಬ್ಬರು ಅನ್ನುವುದು ನಮಗೆ ಚಿಕ್ಕಂದಿನಿಂದ ಗೊತ್ತು. ಅದೇ ಇಂಗ್ಲಿಷ್ ಪಾಪ್‌ಗೆ ಬಂದ ಕೂಡಲೇ ಆ ಬುದ್ಧಿ ಎಲ್ಲಿ ಹೋಗುತ್ತದೋ. ಮೈಕೆಲ್ ಜಾಕ್ಸನ್ ಹಾಡು, ಮಡೋನಾ ಹಾಡು, ಅಷ್ಟೇ. 'ಥ್ರಿಲ್ಲರ್' ಹಾಡನ್ನು ಬರೆದದ್ದು ಮೈಕೆಲ್ ಅಲ್ಲ, ಇಂಗ್ಲೆಂಡಿನ ಕ್ಲೀಥಾರ್ಪ್ಸ್ ಅನ್ನುವ ಕಡಲ ತೀರದ ಊರಿನ ರಾಡ್ ಟೆಂಪರ್ಟನ್ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಆ ಹಾಡನ್ನು ಸಾವಿರ ಸಲ ಕೇಳಿ ಆಗಿತ್ತು.

ಹಾಗಾಗಿ ಈ ಜನರನ್ನು ಹುಡುಕುವ ದಾರಿ ಹೇಳುತ್ತೇನೆ. ಹಾಡುಗಾರರನ್ನು ಬಿಟ್ಟು ಒಬ್ಬ ಡ್ರಮ್ಮರ್‌ನನ್ನೋ ಬೇಸ್ (ತಗ್ಗು ಸ್ವರದ ಗಿಟಾರ್) ನುಡಿಸುವವನನ್ನೋ ಹಿಡಿದುಕೊಳ್ಳಬೇಕು, ಅವನು ಎಲ್ಲೆಲ್ಲಿ ಹೋದನೋ ಅಲ್ಲೆಲ್ಲಾ ಹಿಂದೆ ಹೋಗಬೇಕು.

ಮೊದಲು ಒಂದೇ ಒಂದು ಹಾಡು ತಗೊಳ್ಳಿ. ಈಗಾಗಲೇ ಬಾಯಿಪಾಠ ಆಗಿರುವ ಹಾಡೇ ಆಗಲಿ, ಯಾಕಂದ್ರೆ ಹೊಸ ಹಾಡಾದರೆ ಕಿವಿ ಹಾಡುಗಾರರ ಹಿಂದೆಯೇ ಓಡುತ್ತದೆ. ಆಮೇಲೆ ಆ ಹಾಡಿನ ಕ್ರೆಡಿಟ್ಸ್, ಅಂದ್ರೆ ಯಾರು ಯಾವ ಕೆಲಸ ಮಾಡಿದರು ಅನ್ನುವ ಪಟ್ಟಿ ತೆಗೆಯಿರಿ. ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಬರೆದವರು ಮತ್ತು ಪ್ರೊಡ್ಯೂಸರ್ ಹೆಸರು ಸಿಗುತ್ತದೆ. ಯೂಟ್ಯೂಬ್‌ನಲ್ಲಿ ರೆಕಾರ್ಡ್ ಕಂಪನಿಯಿಂದಲೇ ಬಂದ ಬರೀ ಆಡಿಯೋ ಇರುವ ಅಪ್‌ಲೋಡ್‌ಗಳ ಕೆಳಗೂ ಎಷ್ಟೋ ಸಲ ಹೆಸರುಗಳಿರುತ್ತವೆ. ಆದರೆ ನುಡಿಸಿದವರ ಹೆಸರು ಬೇಕಿದ್ದರೆ ಡಿಸ್ಕಾಗ್ಸ್ ಅನ್ನುವ ವೆಬ್‌ಸೈಟಿಗೆ ಹೋಗಬೇಕು. ಹಳೇ ಎಲ್‌ಪಿ ಕವರ್‌ನಲ್ಲಿ ಏನು ಅಚ್ಚಾಗಿತ್ತೋ ಅದನ್ನು ಜನ ಅಲ್ಲಿ ಕೂತು ಟೈಪ್ ಮಾಡಿ ಹಾಕಿದ್ದಾರೆ, ಪುಣ್ಯಾತ್ಮರು. ಹಾಡು ಹೊರಬಂದ ವರ್ಷದ ಎಲ್‌ಪಿಯ ಪುಟವನ್ನೇ ನೋಡಿ. ಆಮೇಲೆ ಬಂದ 'ಗ್ರೇಟೆಸ್ಟ್ ಹಿಟ್ಸ್' ಸಿಡಿಗಳಲ್ಲಿ ಅರ್ಧ ಹೆಸರು ಮಾಯವಾಗಿರುತ್ತವೆ.

ಇಲ್ಲಿ ಒಂದು ಗೊಂದಲ ತಪ್ಪಿಸಿಕೊಳ್ಳಿ. ಪ್ರೊಡ್ಯೂಸರ್ ಅಂದ ಕೂಡಲೇ ನಮಗೆ ದುಡ್ಡು ಹಾಕುವ ನಿರ್ಮಾಪಕ ನೆನಪಾಗುತ್ತಾರೆ. ರೆಕಾರ್ಡ್ ಲೋಕದಲ್ಲಿ ಹಾಗಲ್ಲ. ಯಾವ ಹಾಡು, ಯಾವ ವೇಗ, ಯಾರು ನುಡಿಸಬೇಕು, ಯಾವ ಟೇಕ್ ಇಟ್ಟುಕೊಳ್ಳಬೇಕು ಅಂತ ಹೇಳುವವರು ಅವರು. ಸಿನಿಮಾಕ್ಕೆ ಹೋಲಿಸಿದರೆ ನಿರ್ದೇಶಕರ ಕೆಲಸ. ಸೆಷನ್ ಮ್ಯೂಸಿಷಿಯನ್ ಅಂದ್ರೆ ಕರೆ ಬಂದಾಗ ಬಂದು, ನುಡಿಸಿ, ಕೂಲಿ ತಗೊಂಡು ಹೋಗುವವರು. ಹಾಡು ಎಷ್ಟೇ ಕೋಟಿ ಮಾರಾಟವಾದರೂ ಬರೆದವರ ಹಾಗೆ ಅವರಿಗೆ ಸಾಮಾನ್ಯವಾಗಿ ರಾಯಲ್ಟಿ ಬರುವುದಿಲ್ಲ.

ಈಗ ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್' ಆಲ್ಬಮ್ಮಿನ 'ಬೀಟ್ ಇಟ್' ಹಾಕಿ. ಗಿಟಾರ್ ಸೋಲೋ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್‌ದು, ದುಡ್ಡು ತಗೊಳ್ಳದೆ ನುಡಿಸಿದ್ದು, ಇದು ಎಲ್ಲರಿಗೂ ಗೊತ್ತಿರುವ ಕತೆ. ಅದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಕೇಳಿ. ಡ್ರಮ್ಸ್ ಜೆಫ್ ಪೊರ್ಕಾರೊ. ಬೇಸ್ ಸ್ಟೀವ್ ಲುಕಥರ್, ರಿದಮ್ ಗಿಟಾರ್‌ನಲ್ಲೂ ಅವರೇ. ಇಬ್ಬರೂ ಟೋಟೋ ಬ್ಯಾಂಡಿನವರು, ಅಂದರೆ 'ಆಫ್ರಿಕಾ' ಮತ್ತು 'ರೊಸಾನಾ' ಮಾಡಿದ ಜನ. ಇದೇ ಕ್ರೆಡಿಟ್ಸ್‌ನಲ್ಲಿ ಮೈಕೆಲ್ ಜಾಕ್ಸನ್ ಹೆಸರಿನ ಮುಂದೆ 'ಡ್ರಮ್ ಕೇಸ್ ಬೀಟರ್' ಅಂತ ಇದೆ, ಡ್ರಮ್ ಇಡುವ ಪೆಟ್ಟಿಗೆಯನ್ನು ಬಡಿದದ್ದಕ್ಕೆ! ಇಂಥವು ಸಿಗುತ್ತವೆ ಅಂತಲೇ ಕ್ರೆಡಿಟ್ಸ್ ಓದುವುದು.

ಅದೇ ಆಲ್ಬಮ್ಮಿನ 'ಹ್ಯೂಮನ್ ನೇಚರ್' ಕೂಡ ಟೋಟೋ ಮನೆಯದೇ. ಜೆಫ್ ಅವರ ತಮ್ಮ ಸ್ಟೀವ್ ಪೊರ್ಕಾರೊ ಮಾಡಿದ ಟ್ಯೂನ್ ಅದು. ಶಾಲೆಯಲ್ಲಿ ಏನೋ ಆಗಿ ಅಳುತ್ತಾ ಬಂದ ಮಗಳನ್ನು ಸಮಾಧಾನ ಮಾಡಲು ಹೋಗಿ ಹುಟ್ಟಿದ್ದು. ಪ್ರೊಡ್ಯೂಸರ್ ಕ್ವಿನ್ಸಿ ಜೋನ್ಸ್‌ಗೆ ಕೇಳಿಸಲು ಟೋಟೋದ ಡೇವಿಡ್ ಪೇಚ್ ತಮ್ಮ ಹಾಡುಗಳ ಕ್ಯಾಸೆಟ್ ಕಳಿಸಿದ್ದರು. ಅದರ ಇನ್ನೊಂದು ಬದಿಯಲ್ಲಿ ಸ್ಟೀವ್‌ನ ಈ ಅರೆಬರೆ ಟ್ಯೂನ್ ಇತ್ತು. ಕ್ವಿನ್ಸಿಗೆ ಹಿಡಿಸಿದ್ದು ಅದೇ. ಪೂರ್ತಿ ಸಾಹಿತ್ಯ ಬರೆಯಲು ಜಾನ್ ಬೆಟ್ಟಿಸ್ ಬಂದರು. ಪಾಪ, ಪೇಚ್.

ಕೇಳುವ ರೀತಿಯೂ ಮುಖ್ಯ. ಫೋನಿನ ಸ್ಪೀಕರ್ ಬೇಡ, ಬೇಸ್ ಕೇಳಿಸುವುದೇ ಇಲ್ಲ. ಹೆಡ್‌ಫೋನ್ ಹಾಕಿ ಅದೇ 'ಥ್ರಿಲ್ಲರ್' ಆಲ್ಬಮ್ಮಿನ 'ಬಿಲ್ಲಿ ಜೀನ್' ಶುರು ಮಾಡಿ. ಹಾಡು ಬರುವ ಮುಂಚೆ ಸುಮಾರು ಅರ್ಧ ನಿಮಿಷ ಬರೀ ವಾದ್ಯ ಇದೆ. ಇಷ್ಟು ಉದ್ದ ಬೇಡ ಅಂತ ಕ್ವಿನ್ಸಿ ಹೇಳಿದ್ದರು, ಮೈಕೆಲ್ ಒಪ್ಪಲಿಲ್ಲ. ಆ ಅರ್ಧ ನಿಮಿಷ ನಿಮಗೆ ಪಾಠ. ಮೊದಲ ಸಲ ಡ್ರಮ್ಸ್ ಮಾತ್ರ ಕೇಳಿ, ಅದು ಎನ್‌ದೂಗು ಚಾನ್ಸ್ಲರ್. ಹಿಂದಕ್ಕೆ ಹೋಗಿ ಎರಡನೇ ಸಲ ಬೇಸ್ ಮಾತ್ರ, ಅದು ಲೂಯಿಸ್ ಜಾನ್ಸನ್. ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಈ ಹಾಡನ್ನು 91 ಸಲ ಮಿಕ್ಸ್ ಮಾಡಿದರಂತೆ, ಅಂದ್ರೆ ದನಿ-ವಾದ್ಯಗಳ ಮಟ್ಟ ಹೊಂದಿಸಿ ಕೂಡಿಸಿದರಂತೆ, ಕೊನೆಗೆ ಇಟ್ಟುಕೊಂಡದ್ದು ಎರಡನೆಯದನ್ನು.

ಇನ್ನು ಹೆಸರು ಹಿಡಿದು ಹೋಗುವ ಆಟ. ಇದೇ ನನಗೆ ಬಹಳ ಇಷ್ಟ. ಮಡೋನಾ ಹಾಡಿದ 1984ರ 'ಲೈಕ್ ಎ ವರ್ಜಿನ್' ತಗೊಳ್ಳಿ. ಬರೆದವರು ಬಿಲ್ಲಿ ಸ್ಟೈನ್‌ಬರ್ಗ್ ಮತ್ತು ಟಾಮ್ ಕೆಲ್ಲಿ. ಸ್ಟೈನ್‌ಬರ್ಗ್ ಅವರದು ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಬೆಳೆಯುವ ಮನೆತನ, ಈ ಸಾಲುಗಳು ಬಂದದ್ದು ತೋಟದಲ್ಲಿ ಪಿಕಪ್ ಓಡಿಸುವಾಗ. ಮಡೋನಾಗೆ ಅಂತ ಬರೆದದ್ದೇ ಅಲ್ಲ. ಇವರಿಬ್ಬರ ಹೆಸರು ಒತ್ತಿದರೆ 'ಟ್ರೂ ಕಲರ್ಸ್' ಸಿಗುತ್ತದೆ, 'ಎಟರ್ನಲ್ ಫ್ಲೇಮ್' ಸಿಗುತ್ತದೆ. ಹಾಡುಗಾರರು ಬೇರೆ ಬೇರೆ, ಪೆನ್ನು ಒಂದೇ.

ಈಗ ಅದೇ ಹಾಡನ್ನು ನುಡಿಸಿದವರ ಕಡೆಯಿಂದ ನೋಡಿ. ಪ್ರೊಡ್ಯೂಸರ್ ಮತ್ತು ಗಿಟಾರ್ ನೈಲ್ ರಾಜರ್ಸ್, ಬೇಸ್ ಬರ್ನಾರ್ಡ್ ಎಡ್ವರ್ಡ್ಸ್, ಡ್ರಮ್ಸ್ ಟೋನಿ ಥಾಂಪ್ಸನ್. ಅಂದ್ರೆ ಡಿಸ್ಕೋ ಕಾಲದ ಶೀಕ್ ಬ್ಯಾಂಡೇ ಇಡೀ ಬಂದು ಕೂತಿದೆ! ರಾಜರ್ಸ್ ಹಿಂದೆ ಹೋದರೆ 1983ರ 'ಲೆಟ್ಸ್ ಡಾನ್ಸ್' ಸಿಗುತ್ತದೆ. ಅದರಲ್ಲಿ ಡೇವಿಡ್ ಬೋವಿ ಧ್ವನಿಯ ಜೊತೆ ಬ್ಲೂಸ್ ಗಿಟಾರ್ ನುಡಿಸುತ್ತಿರುವುದು, ಆಗಿನ್ನೂ ಹೊರಗೆ ಹೆಚ್ಚು ಹೆಸರಾಗದಿದ್ದ ಟೆಕ್ಸಾಸ್‌ನ ಸ್ಟೀವಿ ರೇ ವಾನ್. ಎಡ್ವರ್ಡ್ಸ್ ಹಿಂದೆ ಹೋದರೆ ರಾಬರ್ಟ್ ಪಾಮರ್ ಅವರ 'ಅಡಿಕ್ಟೆಡ್ ಟು ಲವ್', ಪ್ರೊಡ್ಯೂಸರೂ ಅವರೇ, ಬೇಸೂ ಅವರದೇ, ಡ್ರಮ್ಸ್ ಮತ್ತೆ ಥಾಂಪ್ಸನ್. ಆ ವಿಡಿಯೋ ನೋಡಿದ್ದೀರಲ್ವಾ, ಕೆಂಪು ಲಿಪ್‌ಸ್ಟಿಕ್ ಹಚ್ಚಿಕೊಂಡು ಒಂದೇ ಥರ ಕಾಣುವ ಐವರು ಮಾಡೆಲ್‌ಗಳು ವಾದ್ಯ ಹಿಡಿದು ಸುಮ್ನೆ ಅಲ್ಲಾಡುತ್ತಿರುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಮಡೋನಾ ಹಾಡಿನ ಡ್ರಮ್ಮರೇ ಇಲ್ಲಿ ಇನ್ನೂ ಜೋರಾಗಿ ಬಡಿಯುತ್ತಿದ್ದಾರೆ.

ಕೆಲವು ಹಾಡುಗಳಲ್ಲಿ ಡ್ರಮ್ಮರ್ ಹೆಸರೇ ಸಿಗದಿದ್ದರೆ ಗಾಬರಿ ಬೇಡ, ಅಲ್ಲಿ ಮೆಷಿನ್ ಇರಬಹುದು. ರಾಜರ್ ಲಿನ್ ಅವರ ಎಲ್‌ಎಂ-1, 1980ರದ್ದು, ನಿಜವಾದ ಡ್ರಮ್ ಸದ್ದನ್ನೇ ಒಳಗಿಟ್ಟ ಮೆಷಿನ್. ಹ್ಯೂಮನ್ ಲೀಗ್ ಬ್ಯಾಂಡಿನ 'ಡೋಂಟ್ ಯು ವಾಂಟ್ ಮಿ'ಯಲ್ಲಿ ಅದೇ ಇದೆ. ಮೆತ್ತಗೆ ಗಂಟೆಯ ಹಾಗೆ ಮಿನುಗುವ ಪಿಯಾನೋ ಸದ್ದು ಕೇಳಿದರೆ ಅದು ಬಹುಶಃ 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಅನ್ನುವ ಸಿಂಥಸೈಜರ್ ಕೀಬೋರ್ಡ್.

ಒಂದು ಎಚ್ಚರಿಕೆ. ಅಚ್ಚಾದ ಹೆಸರನ್ನೆಲ್ಲಾ ನಂಬಬೇಡಿ. ಬ್ಯಾಂಗಲ್ಸ್ ಬ್ಯಾಂಡ್ ಹಾಡಿದ 'ಮ್ಯಾನಿಕ್ ಮಂಡೇ' ಬರೆದವರು 'ಕ್ರಿಸ್ಟಫರ್' ಅಂತ ಇತ್ತು, ಅದು ನಿಜವಾಗಿ ಗಾಯಕ ಪ್ರಿನ್ಸ್. 1986ರಲ್ಲಿ ಆ ಹಾಡು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಬಂದು ನಿಂತಾಗ ಮೊದಲನೇ ಸ್ಥಾನದಲ್ಲಿ ಕೂತಿದ್ದದ್ದು ಪ್ರಿನ್ಸ್ ಅವರದೇ 'ಕಿಸ್'. ಇದು ತಮಾಷೆ. ಮಿಲಿ ವನಿಲಿ ಅನ್ನುವ ಪಾಪ್ ಜೋಡಿಯ ಕತೆ ತಮಾಷೆಯಲ್ಲ. ಕವರ್ ಮೇಲಿದ್ದ ಇಬ್ಬರು ಹಾಡಿಯೇ ಇರಲಿಲ್ಲ. ಪ್ರೊಡ್ಯೂಸರ್ ಫ್ರಾಂಕ್ ಫರಿಯನ್ ಬೇರೆಯವರಿಂದ ಹಾಡಿಸಿದ್ದರು. 1990ರಲ್ಲಿ ವಿಷಯ ಹೊರಗೆ ಬಂದು, ಕೊಟ್ಟ ಗ್ರ್ಯಾಮಿ ಪ್ರಶಸ್ತಿಯನ್ನು ವಾಪಸ್ ತಗೊಂಡರು. ಆದ್ದರಿಂದ ಕವರ್ ಓದಿದ ಮೇಲೆ ಆ ಜನರ ಸಂದರ್ಶನವನ್ನೂ ಹುಡುಕಿ. ಸಂದರ್ಶನದಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ, ಅದೂ ಇದೆ.

ಸಿಕ್ಕಿದ ಹೆಸರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಹಾಡುಗಾರರ ಬದಲು ಡ್ರಮ್ಮರ್ ಹೆಸರಲ್ಲಿ ಪ್ಲೇಲಿಸ್ಟ್ ಮಾಡಿ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಪೊರ್ಕಾರೊ ಅಂತೀನಿ. ಮೊದಲು 'ರೊಸಾನಾ', ಅದರ ಡ್ರಮ್ಸ್ ಒಂದನ್ನೇ ಪೂರ್ತಿ ಕೇಳಿ. ಆಮೇಲೆ 'ಬೀಟ್ ಇಟ್'.