ರಾಗಿಗೂ ಅಕ್ಕಿಗೂ ಆರು ತಿಂಗಳು ಸೆರೆ

ನಾನು ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅಪ್ಪನ ಕಾಲದ ಗಿರಣಿ. ಬೆಳಿಗ್ಗೆ ಏಳಕ್ಕೆ ಬೆಲ್ಟು ಹಾಕಿದರೆ ರಾತ್ರಿ ಎಂಟರವರೆಗೆ ರಾಗಿ, ಅಕ್ಕಿ, ಮತ್ತೆ ರಾಗಿ. ಮೈಯೆಲ್ಲ ಹಿಟ್ಟು. ಇಂಥವನು ಕನಕದಾಸರ ಕಾವ್ಯ ಹಿಡಿದುಕೊಂಡು ಊರೂರಿಗೆ ಹೋಗಿ ಓದುತ್ತಾನಲ್ಲ, ಇವನಿಗೆ ಇದು ಹೇಗೆ ಅಂಟಿಕೊಂಡಿತು ಅಂತ ಬಹಳ ಜನ ಕೇಳಿದ್ದಾರೆ. ಅಂಟಿಸಿದ್ದು ರಾಗಿ. ಬೇರೇನಲ್ಲ.

ನಮ್ಮ ಕಡೆ ಕನಕದಾಸರು ಅಂದ ತಕ್ಷಣ ಎರಡೇ ಕಥೆ. ಒಂದು ಬಾಳೆಹಣ್ಣಿನದು. ಯಾರೂ ನೋಡದ ಕಡೆ ತಿಂದು ಬನ್ನಿ ಅಂತ ಗುರು ವ್ಯಾಸರಾಯರು ಶಿಷ್ಯರಿಗೆ ಹಣ್ಣು ಕೊಟ್ಟರಂತೆ. ಎಲ್ಲರೂ ತಿಂದು ಬಂದರು. ಕನಕ ಮಾತ್ರ ಹಣ್ಣನ್ನು ಹಾಗೇ ವಾಪಸು ತಂದರು, ದೇವರು ನೋಡದ ಜಾಗ ಸಿಗಲಿಲ್ಲ ಅಂತ. ಇನ್ನೊಂದು ಉಡುಪಿಯ ಕಿಂಡಿಯದು, ಅದನ್ನು ನಾನು ಹೇಳಬೇಕಾಗಿಲ್ಲ. ಎರಡೂ ಒಳ್ಳೆಯ ಕಥೆಗಳೇ. ಆದರೆ ಈ ಎರಡರ ನೆರಳಲ್ಲಿ ಅವರು ಬರೆದದ್ದೆಲ್ಲ ಮರೆಯಾಗಿಬಿಟ್ಟಿದೆ ಅಂತ ನನಗೆ ಅನ್ನಿಸುತ್ತದೆ. ನಾನೂ ನಲವತ್ತು ವರ್ಷ ಅಷ್ಟೇ ತಿಳಿದುಕೊಂಡಿದ್ದೆ.

ಒಂದು ದಿನ ರಾಗಿ ಬೀಸಿಸಲು ಬಂದ ನಿವೃತ್ತ ಮೇಷ್ಟ್ರೊಬ್ಬರು ಚೀಲದ ಮೇಲೆ ಕೂತು ಕೇಳಿದರು: "ಕನಕದಾಸರು ರಾಗಿ ಮೇಲೆ ಒಂದು ಕಾವ್ಯಾನೇ ಬರೆದಿದ್ದಾರೆ, ಗೊತ್ತೇನಯ್ಯ ನಿಂಗೆ?" ಗೊತ್ತಿರಲಿಲ್ಲ. ರಾಮಧಾನ್ಯಚರಿತ್ರೆ ಅಂತ ಹೆಸರು ಹೇಳಿ, ಹಿಟ್ಟು ತಗೊಂಡು ಹೋದರು. ಮುಂದಿನ ವಾರ ಬರುವಾಗ ಪುಸ್ತಕವನ್ನೂ ತಂದಿದ್ದರು.

ಕಥೆ ಹೀಗಿದೆ. ಲಂಕೆಯಿಂದ ವಾಪಸು ಬರುವಾಗ ರಾಮ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಊಟ ಆಗುತ್ತದೆ. ಧಾನ್ಯಗಳಲ್ಲಿ ಯಾವುದು ಮೇಲು ಅನ್ನುವ ಮಾತು ಬರುತ್ತದೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೌತಮ ಮುನಿ ಮಾತ್ರ ನರೆದಲೆಗ ಅನ್ನುತ್ತಾನೆ. ನರೆದಲೆಗ ಅಂದರೆ ನರೆತ ತಲೆಯವನು, ನಮ್ಮ ರಾಗಿ. ಅಲ್ಲಿಗೆ ಭತ್ತಕ್ಕೆ ಸಿಟ್ಟು ಬಂತು. ಕಾವ್ಯದಲ್ಲಿ ಅದರ ಹೆಸರು ವ್ರೀಹಿ. ಮದುವೆ, ಮುಂಜಿ, ಯಜ್ಞಕ್ಕೆಲ್ಲ ಬೇಕಾದವನು ನಾನು, ನನ್ನ ಸಮಕ್ಕೆ ನೀನಾ ಅಂತ ಬೈಯುತ್ತದೆ. ರಾಗಿ ಸುಮ್ನೆ ಇರುತ್ತದೆಯೇ? ಬಡವರ ಕಡೆ ಕಣ್ಣೆತ್ತಿ ನೋಡದವನು ನೀನು, ದುಡ್ಡಿದ್ದವರ ಬೆನ್ನು ಹತ್ತಿ ಹೋಗುವವನು, ಹೆಣದ ಬಾಯಿಗೂ ಬೀಳುವವನು ಅಂತ ತಿರುಗಿಸಿ ಕೊಡುತ್ತದೆ. ಜಗಳ ಬಗೆಹರಿಯುವುದಿಲ್ಲ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಆಮೇಲೆ ಅಯೋಧ್ಯೆಯಲ್ಲಿ ದೇವತೆಗಳ ಎದುರಿಗೆ ಹೊರಗೆ ತೆಗೆಸಿದರೆ ಭತ್ತ ಕಳೆಗುಂದಿದೆ, ರಾಗಿ ಇಟ್ಟ ಹಾಗೇ ಇದೆ. ರಾಮ ತನ್ನ ರಾಘವ ಅನ್ನುವ ಹೆಸರನ್ನೇ ಅದಕ್ಕೆ ಕೊಟ್ಟ, ರಾಘವ ಅನ್ನುವುದೇ ರಾಗಿ ಆಯಿತು ಅನ್ನುತ್ತದೆ ಕಥೆ. ಭತ್ತವನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ, ಸಮಾಧಾನ ಮಾಡುತ್ತಾನೆ.

ಮೇಲು ಕೀಳಿನ ಜಗಳವನ್ನೇ ಕನಕದಾಸರು ಧಾನ್ಯಗಳ ಬಾಯಲ್ಲಿ ಆಡಿಸಿದ್ದಾರೆ ಅಂತ ತಿಳಿದವರು ಹೇಳುತ್ತಾರೆ. ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನಂಥವನಿಗೆ ಮೊದಲು ಕಂಡದ್ದು ಬೇರೆ. ಇದನ್ನು ಬರೆದವರಿಗೆ ಧಾನ್ಯ ಗೊತ್ತಿತ್ತು. ಚೀಲಕ್ಕೆ ಕೈ ಹಾಕಿ ನೋಡಿದವರ ಮಾತು ಇದು.

ಪುಸ್ತಕ ಬಂತು, ಆದರೆ ಓದಲು ಬರಬೇಕಲ್ಲ? ಅದು ಭಾಮಿನಿ ಷಟ್ಪದಿ. ಪದ್ಯಕ್ಕೆ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು. ಮೂರು ಮತ್ತು ಆರನೇ ಸಾಲು ಉದ್ದ, 21 ಮಾತ್ರೆ, ಅದರ ಮೇಲೆ ಕೊನೆಗೆ ಎಳೆದು ಹೇಳುವ ಒಂದು ಅಕ್ಷರ. ನಡೆ ಪೂರ್ತಿ ಮೂರು ನಾಲ್ಕು, ಮೂರು ನಾಲ್ಕು. ಮೇಷ್ಟ್ರು ನನಗೆ ನೇರವಾಗಿ ರಾಗಿಯ ಕಾವ್ಯ ಕೊಡಲಿಲ್ಲ. ಕನಕದಾಸರದೇ ಹರಿಭಕ್ತಿಸಾರದ ಮೊದಲ ಪದ್ಯ ಬಾಯಿಪಾಠ ಮಾಡು ಅಂದರು. ಅದೂ ಇದೇ ಭಾಮಿನಿ. ಅದರ ಮೊದಲ ಸಾಲು "ಶ್ರೀಯರಸ ಗಾಂಗೇಯನುತ ಕೌಂ" ಅಂತ ನಿಲ್ಲುತ್ತದೆ. ಪದ ಮುಗಿಯುವ ಮೊದಲೇ ಸಾಲು ಮುಗಿಯಿತು! ಮುದ್ರಣದ ತಪ್ಪು ಅಂದುಕೊಂಡೆ. ತಪ್ಪಲ್ಲ, ಕೌಂತೇಯ ಅನ್ನುವ ಪದದ ಉಳಿದರ್ಧ ಮುಂದಿನ ಸಾಲಿನಲ್ಲಿದೆ.

ಲೆಕ್ಕಕ್ಕೆ ಒಡೆದರೆ ಅದು ಶ್ರೀಯ, ರಸಗಾಂ, ಗೇಯ, ನುತಕೌಂ ಆಗುತ್ತದೆ. ಮೂರು, ನಾಲ್ಕು, ಮೂರು, ನಾಲ್ಕು. ಲೆಕ್ಕ ಸರಿ, ಅರ್ಥ ಚೂರು ಚೂರು. ಅರ್ಥಕ್ಕೆ ಒಡೆದರೆ ಶ್ರೀಯ ಅರಸ, ಗಾಂಗೇಯನಿಂದ ಅಂದರೆ ಭೀಷ್ಮನಿಂದ ಹೊಗಳಿಸಿಕೊಂಡವನು, ಕೌಂತೇಯ ಅಂದರೆ ಅರ್ಜುನ ಅಡ್ಡಬಿದ್ದ ಪಾದದವನು. ಓದುವವನು ಬಾಯಲ್ಲಿ ಅರ್ಥ ಇಟ್ಟುಕೊಂಡು ಬೆರಳಲ್ಲಿ ಲೆಕ್ಕ ಇಟ್ಟುಕೊಳ್ಳಬೇಕು. ಇದು ಬರಲು ನನಗೆ ಎರಡು ತಿಂಗಳು ಬೇಕಾಯಿತು.

ನನಗೆ ಕಲಿಸಿದ್ದು ಅರ್ಧ ಮೇಷ್ಟ್ರು, ಇನ್ನರ್ಧ ಗಿರಣಿ ಅಂತಲೇ ಹೇಳಬೇಕು. ನಮ್ಮದು ಹಳೆಯ ಚಪ್ಪಟೆ ಬೆಲ್ಟು. ಅದರ ಜೋಡಣೆ ಚಕ್ರದ ಮೇಲೆ ಹಾಯುವಾಗೆಲ್ಲ ಟಕ್ ಅನ್ನುತ್ತದೆ. ಒಂದು ಟಕ್ಕಿಗೆ ಒಂದು ಮಾತ್ರೆ ಅಂತ ಇಟ್ಟುಕೊಂಡು ಹೇಳುತ್ತಾ ಹೋದೆ. ದೀರ್ಘ ಬಂದರೆ ಎರಡು ಟಕ್. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಗಲಾಟೆಯಲ್ಲಿ ನನ್ನ ಧ್ವನಿ ಯಾರಿಗೂ ಕೇಳಿಸುತ್ತಿರಲಿಲ್ಲ, ಅದೂ ಒಳ್ಳೆಯದೇ ಆಯಿತು. ಕರೆಂಟು ಹೋದ ದಿನ ಮಾತ್ರ ಪೇಚು. ಬೆಲ್ಟು ನಿಂತಿತು, ನಾನು ನಿಲ್ಲಿಸಲಿಲ್ಲ. ಕ್ಯೂನಲ್ಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

ಮೊದಲ ಸಲ ಜನರೆದುರು ಓದಿದ್ದು ಪಕ್ಕದೂರಿನ ಗಣಪತಿ ಪೆಂಡಾಲಿನಲ್ಲಿ. ಪೂರಾ ಕೆಟ್ಟುಹೋಯಿತು. ಕಾವ್ಯ ದೊಡ್ಡದೇನಲ್ಲ, ನೂರೈವತ್ತು ಚಿಲ್ಲರೆ ಪದ್ಯ. ಒಂದೇ ರಾತ್ರಿ ಮುಗಿಸುತ್ತೇನೆ ಅಂತ ಕೂತೆ. ಪದ್ಯ ಓದುವುದು, ಅರ್ಥ ಹೇಳುವುದು, ಎರಡೂ ನಾನೇ. ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದಿ ಹೇಳುವಾಗ, ಓದುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು ಇರುವುದು ಸುಮ್ನೆ ಅಲ್ಲ ಅಂತ ಅವತ್ತು ಗೊತ್ತಾಯಿತು. ಗಂಟಲು ಆರಿತು. ಒಂಬತ್ತೂವರೆಗೆ ಮುಂದಿನ ಸಾಲಿನ ಮಕ್ಕಳು ನಿದ್ದೆ ಹೋದರು, ಹತ್ತಕ್ಕೆ ದೊಡ್ಡವರು ಎದ್ದರು. ರಾಮ ಇಬ್ಬರನ್ನೂ ಸೆರೆಗೆ ಹಾಕುವ ಹೊತ್ತಿಗೆ ಮೈಕಿನವನು ಮತ್ತು ಮೇಷ್ಟ್ರು ಉಳಿದಿದ್ದರು. ಇನ್ನೊಂದು ಕಡೆ ಕಾರ್ಯಕ್ರಮದವರು, "ಅದೆಲ್ಲ ಜಾಸ್ತಿ ಆಯ್ತು ಸಾರ್, ಕಿಂಡಿ ಕಥೆ ಹತ್ತು ನಿಮಿಷ ಹೇಳಿ ಸಾಕು" ಅಂದರು. ಹೇಳಿ ಬಂದೆ. ಬೇಜಾರಾಯಿತು.

ಆಮೇಲೆ ಒಂದು ಯೋಚನೆ ಬಂತು. ಯುಗಾದಿ ಕಳೆದ ವಾರ ಎರಡು ಸ್ಟೀಲ್ ಡಬ್ಬ ತಂದೆ. ಒಂದಕ್ಕೆ ಒಂದು ಕೆಜಿ ಅಕ್ಕಿ, ಇನ್ನೊಂದಕ್ಕೆ ಒಂದು ಕೆಜಿ ರಾಗಿ. ಬೇವಿನ ಸೊಪ್ಪಿಲ್ಲ, ಹುಳದ ಮಾತ್ರೆ ಇಲ್ಲ, ಏನೂ ಇಲ್ಲ. ಬಾಯಿಗೆ ತೆಳು ಬಟ್ಟೆ ಕಟ್ಟಿ ಗಿರಣಿಯ ಅಟ್ಟದ ಮೇಲೆ ಇಟ್ಟೆ. ರಾಮನ ಲೆಕ್ಕದಲ್ಲೇ ಆರು ತಿಂಗಳು. ಮಳೆಗಾಲ ಪೂರ್ತಿ ನಡುವೆ ಬಂತು. ಹೆಂಡತಿ ದಸರಾ ಕ್ಲೀನಿಂಗಿನಲ್ಲಿ ಎರಡನ್ನೂ ಕೋಳಿಗೆ ಹಾಕಲು ಹೊರಟಿದ್ದಳು, ಕೈ ಹಿಡಿದು ತಪ್ಪಿಸಿದೆ.

ಬಿಚ್ಚಿದಾಗ ಅಕ್ಕಿ ಡಬ್ಬದಲ್ಲಿ ಕಪ್ಪು ಮೂತಿಹುಳು ಓಡಾಡುತ್ತಿದ್ದವು. ತಳದಲ್ಲಿ ಬಿಳಿ ಪುಡಿ. ಕಾಳು ಕಾಳಿಗೂ ಸೂಜಿ ಚುಚ್ಚಿದಂತೆ ತೂತು. ಕೇರಿ, ಜರಡಿ ಹಿಡಿದು ತೂಗಿದರೆ 870 ಗ್ರಾಂ. ರಾಗಿ ಡಬ್ಬಕ್ಕೆ ಕೈ ಹಾಕಿದರೆ ತಣ್ಣಗೆ ಬೆರಳ ಸಂದಿಯಿಂದ ಜಾರಿತು. ಹುಳು ಇಲ್ಲ, ಮುಗ್ಗು ವಾಸನೆ ಇಲ್ಲ. ಗಿರಣಿಯವನಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಮೂತಿಹುಳು ಕಾಳಿನ ಒಳಗೇ ಮೊಟ್ಟೆ ಇಡುತ್ತದೆ, ಮರಿ ಒಳಗೇ ತಿಂದು ಬೆಳೆಯುತ್ತದೆ. ರಾಗಿ ಸಾಸಿವೆಯಷ್ಟು ಸಣ್ಣದು, ಅದರೊಳಗೆ ಮರಿ ಬೆಳೆಯಲು ಜಾಗ ಎಲ್ಲಿದೆ? ಆದರೂ ಆ ಎರಡು ಡಬ್ಬ ನೋಡುವಾಗ ಮೈ ಜುಮ್ಮೆಂದಿತು. ಐನೂರು ವರ್ಷದ ಹಿಂದಿನವರು ಪದ್ಯದಲ್ಲಿ ಬರೆದ ತೀರ್ಪು ನನ್ನ ಅಟ್ಟದ ಮೇಲೆ ಬಂದು ಕೂತಿತ್ತು.

ಆ ನವೆಂಬರಿನಲ್ಲಿ ಕನಕ ಜಯಂತಿಗೆ ನಮ್ಮೂರಿನಲ್ಲೇ ಓದಿದೆ. ಈ ಸಲ ಮೂರು ಸಂಜೆ, ದಿನಕ್ಕೆ ಒಂದೂವರೆ ಗಂಟೆ. ಎಲ್ಲ ಪದ್ಯ ಓದಲಿಲ್ಲ, ನಲವತ್ತು ಆರಿಸಿಕೊಂಡೆ. ಓದುವುದು ನಾನು, ಅರ್ಥ ಮೇಷ್ಟ್ರದು. ಮೊದಲ ಸಂಜೆ ಎರಡು ಡಬ್ಬವನ್ನೂ ಬಟ್ಟೆ ಮುಚ್ಚಿ ಮುಂದಿಟ್ಟೆ. ಏನಿದೆ ಅಂತ ಹೇಳಲಿಲ್ಲ. ಎರಡನೇ ಸಂಜೆ ಜಗಳದ ಪದ್ಯಗಳು. ಬರಗಾಲದಲ್ಲಿ "ಮಳೆದೆಗೆದು ಬೆಳೆಯಡಗಿ" ಅನ್ನವಿಲ್ಲದೆ ಸಾಯುವವರನ್ನು ಕಾಯುವವನು ನಾನು ಅಂತ ರಾಗಿ ಎದೆ ತಟ್ಟಿ ಹೇಳುವ ಪದ್ಯ ಬಂದಾಗ ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಗಮಕಕ್ಕೆ ಶಿಳ್ಳೆ ಬಿದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಭತ್ತದ ಜಂಬದ ಪದ್ಯಕ್ಕೆ ಮುದುಕಿಯರು ನಕ್ಕರು. "ನಾವು ಅನ್ನ ಕಾಣ್ತಿದ್ದುದು ಹಬ್ಬಕ್ಕೆ, ನೆಂಟರು ಬಂದ್ರೆ" ಅಂದರು ಒಬ್ಬರು. ಈಗ ಲೆಕ್ಕ ತಲೆಕೆಳಗಾಗಿದೆ ಅಲ್ವಾ? ಮನೆಗೆ ರೇಷನ್ ಅಕ್ಕಿ ಬರುತ್ತದೆ. ರಾಗಿ ಬೆಂಗಳೂರಿನಲ್ಲಿ ಬಣ್ಣದ ಪ್ಯಾಕೆಟ್ಟಿಗೆ ಹೋಗಿ ಕೂತಿದೆ. 2023ನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯದ ವರ್ಷ ಅಂತ ಸಾರಿತು. ನರೆದಲೆಗನೇ ದುಡ್ಡಿದ್ದವರ ಬೆನ್ನು ಹತ್ತಿದ್ದಾನೆ, ಭತ್ತ ಈಗ ಬಾಯಿ ಬಿಟ್ಟರೆ ಏನು ಬೈಯಬಹುದೋ!

ಮೂರನೇ ಸಂಜೆ ಸೆರೆ ಬಿಡಿಸುವ ಪದ್ಯ ಓದಿ ಡಬ್ಬಗಳ ಬಟ್ಟೆ ತೆಗೆದೆ. ಜನ ಎದ್ದು ಬಂದು ಕೈ ಹಾಕಿ ನೋಡಿದರು. ಎಂಬತ್ತು ದಾಟಿದ ಒಬ್ಬ ಅಜ್ಜಿ ರಾಗಿಯನ್ನು ಅಂಗೈಯಲ್ಲಿ ಉಜ್ಜಿ, ಊದಿ, ಬಾಯಿಗೆ ಹಾಕಿಕೊಂಡು ಹೇಳಿದರು: "ಇದು ಸೆರೆ ಅಲ್ಲ ಕಣಪ್ಪ. ರಾಮ ಇದನ್ನ ಹಗೇವಿಗೆ ಹಾಕ್ಸಿದ್ದಾನೆ."

ಹಗೇವು ಎಷ್ಟು ಜನಕ್ಕೆ ಗೊತ್ತೋ. ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇರುತ್ತಿತ್ತು. ತೆಗೆದ ತಕ್ಷಣ ಒಳಗೆ ಇಳಿಯುವ ಹಾಗಿಲ್ಲ, ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಕತ್ತಲ ಗುಂಡಿ, ಬಾಗಿಲಿಗೆ ಕಲ್ಲು, ತಿಂಗಳುಗಟ್ಟಲೆ ಒಳಗೆ. ಸೆರೆಯೇ ತಾನೇ ಅದು? ನಾನು ಅಷ್ಟು ಸಲ ಓದಿದ್ದರೂ ನನಗೆ ಹೊಳೆದಿರಲಿಲ್ಲ. ಮೇಷ್ಟ್ರೂ ಸುಮ್ಮನಾದರು. ಆಮೇಲೆ "ವ್ಯಾಖ್ಯಾನ ಅಂದ್ರೆ ಇದು" ಅಂದರು.

ಕನಕದಾಸರು ಹಾವೇರಿ ಜಿಲ್ಲೆಯ ಬಾಡದವರು. ಕುರುಬರ ಮನೆಯ ಬೀರಪ್ಪ, ಬಚ್ಚಮ್ಮನ ಮಗ, ಇಟ್ಟ ಹೆಸರು ತಿಮ್ಮಪ್ಪ. ಅವರ ಕಾಲ 1509ರಿಂದ 1606 ಅಂತ ಹೇಳುವುದು ರೂಢಿ. ದಾಸರಾಗುವ ಮೊದಲು ನಾಯಕನಾಗಿ ಕತ್ತಿ ಹಿಡಿದವರು. ಯುದ್ಧದಲ್ಲಿ ಏಟು ತಿಂದು, ಎಲ್ಲ ಬಿಟ್ಟು ಕಾಗಿನೆಲೆಯ ಆದಿಕೇಶವನ ಪಾದ ಹಿಡಿದರು ಅನ್ನುವುದು ಕಥೆ. ಅಜ್ಜಿಯ ಮಾತು ಕೇಳಿದ ಮೇಲೆ ನನಗೆ ಆ ನಾಯಕನದೇ ಧ್ಯಾನ. ಕೋಟೆ ಕಾದವನಿಗೆ ಕಣಜದ ಚಿಂತೆ ಇರದೆ ಇರುತ್ತದೆಯೇ? ಆಳುಗಳಿಗೆ ಯಾವ ಕಾಳು ಎಷ್ಟು ದಿನ ಬರುತ್ತದೆ ಅಂತ ಲೆಕ್ಕ ಹಾಕಿದ ತಲೆಯೇ ಆಮೇಲೆ ಷಟ್ಪದಿಯ ಮಾತ್ರೆ ಎಣಿಸಿತು ಅಂತ ನನ್ನ ನಂಬಿಕೆ. ಪಂಡಿತರು ಒಪ್ಪದಿದ್ದರೆ ಬೇಡ.

ಎಲ್ಲರೂ ಎದ್ದು ಹೋಗುವಾಗ ಕೆರೆ ಬಯಲಿನಲ್ಲಿ ಭತ್ತ ಬೆಳೆಯುವ ಒಬ್ಬರು ನನ್ನ ಹತ್ತಿರ ಬಂದರು. ಮೂರು ದಿನವೂ ಮೂಲೆಯಲ್ಲಿ ಕೂತಿದ್ದವರು. "ಓದಿದ್ದು ಚೆನ್ನಾಗಿತ್ತು, ಆದ್ರೆ ನೀನು ಮಾಡಿದ್ದು ಮೋಸ ಕಣಯ್ಯ" ಅಂದರು. "ರಾಗೀನ ಹಂಗೇ ಇಟ್ಟೆ. ಭತ್ತದ ಅಂಗಿ ಬಿಚ್ಚಿ ಅಕ್ಕಿ ಮಾಡಿ ಇಟ್ಟೆ. ವ್ರೀಹಿ ಅಂದ್ರೆ ಭತ್ತ ಅಂತ ನಿಮ್ಮ ಮೇಷ್ಟ್ರೇ ಹೇಳಿದ್ರಲ್ಲ. ಹೊಟ್ಟಿನ ಸಮೇತ ಇಟ್ಟು ನೋಡು."

ಉತ್ತರ ಕೊಡಲು ಆಗಲಿಲ್ಲ. ಅವರು ಹೇಳಿದ್ದು ಸರಿ. ಭತ್ತಕ್ಕೂ ಹುಳು ಬೀಳುತ್ತದೆ, ಸಣ್ಣ ಚಿಟ್ಟೆ ಏಳುತ್ತದೆ. ಆದರೆ ಅಕ್ಕಿಯಷ್ಟು ಬೇಗ ಅಲ್ಲ. ಈ ಸಲ ಅವರ ಗದ್ದೆಯ ಭತ್ತವನ್ನೇ ಒಂದು ಕೆಜಿ ಇಸಿದುಕೊಂಡು, ಹೊಸ ರಾಗಿಯ ಪಕ್ಕ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾರ್ತಿಕಕ್ಕೆ ಆರು ತಿಂಗಳು ತುಂಬುತ್ತದೆ. ನಾನು ಮೊದಲೇ ಬಿಚ್ಚಿ ನೋಡಬಾರದು ಅಂತ ಡಬ್ಬಕ್ಕೆ ಸಣ್ಣ ಬೀಗ ಹಾಕಿ, ಬೀಗದ ಕೈಯನ್ನು ಅವರೇ ಇಟ್ಟುಕೊಂಡಿದ್ದಾರೆ.