ಗೋಮಾಳಕ್ಕೆ ಬಾಂದು ಕಲ್ಲು ಹಾಕಿಸಿದ್ದು: ನನ್ನ ಅನುಭವ

ಸಿಸಿ ರಸ್ತೆ ಮಾಡಿಸಿದರೆ ಪಂಚಾಯಿತಿ ಸದಸ್ಯರಿಗೆ ಹೆಸರು ಬರುತ್ತದೆ. ಊರ ದನ ಮೇಯುವ ಗೋಮಾಳ ಉಳಿಸಿದರೆ ಏನೂ ಬರುವುದಿಲ್ಲ. ಮೊದಲೂ ಬಯಲಿತ್ತು, ಈಗಲೂ ಬಯಲೇ ಇದೆ, ನೀವೇನು ಮಾಡಿದ್ರಿ ಅಂತ ಕೇಳುತ್ತಾರೆ. ಅರಸೀಕೆರೆ ತಾಲ್ಲೂಕಿನ ನಮ್ಮ ಪಂಚಾಯಿತಿಯಲ್ಲಿ ಸದಸ್ಯೆಯಾಗಿ ನಾನು ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗ ಆಗಬಹುದು.

ಮೊದಲ ವಿಷಯ, ಗೋಮಾಳ ಪಂಚಾಯಿತಿ ಆಸ್ತಿ ಅಲ್ಲ. ಅದು ಸರ್ಕಾರದ್ದು. 1964ರ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ದನ ಮೇಯಲು ಬಿಟ್ಟ ಜಾಗ, ಕಂದಾಯ ಇಲಾಖೆ ಕೈಯಲ್ಲಿರುತ್ತದೆ. ನಾವು ಸುಮ್ನೆ ಒಂದು ಬೋರ್ಡ್ ನೆಟ್ಟು ಬಂದರೆ ನಡೆಯುವುದಿಲ್ಲ. ಆದರೆ ಊರಿನವರೊಬ್ಬರು ಕೊಟ್ಟ ಅರ್ಜಿ ತಾಲ್ಲೂಕು ಕಚೇರಿಯ ಕಡತದಲ್ಲಿ ಮಲಗಿಬಿಡುತ್ತದೆ. ಗ್ರಾಮಸಭೆಯ ಠರಾವು ಲಗತ್ತಿಸಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿಯಲ್ಲಿ ಹೋದ ಪತ್ರಕ್ಕೆ ಉತ್ತರ ಬರೆಯಲೇಬೇಕಾಗುತ್ತದೆ. ನಮ್ಮ ಬಲ ಅಷ್ಟೇ, ಅದು ಸಾಕು ಕೂಡ.

ಗೋಮಾಳ ಮೊದಲು ಕರಗುವುದು ಕಾಗದದಲ್ಲಿ. ಭೂ ಕಂದಾಯ ನಿಯಮ 97ರಲ್ಲಿ 100 ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೀಸಲಿಡಬೇಕು ಅಂತ ಇದೆ. ಅದಕ್ಕಿಂತ ಮಿಕ್ಕಿದ್ದು ಹೆಚ್ಚುವರಿ. ಒಂದು ಸಲ ಹೆಚ್ಚುವರಿ ಅಂತ ವರದಿ ಬಂದರೆ ಆ ಜಾಗದ ಮೇಲೆ ಹತ್ತು ಜನರ ಕಣ್ಣು. ಹಾಗಾಗಿ ಊರಲ್ಲಿ ಎಷ್ಟು ರಾಸು ಇವೆ ಅನ್ನುವ ಲೆಕ್ಕವೇ ಎಲ್ಲಕ್ಕೂ ಬುನಾದಿ. ನಮ್ಮ ಕಡತದಲ್ಲಿ ಹಳೆಯ ಸಂಖ್ಯೆ ಇತ್ತು, ತೀರಾ ಕಮ್ಮಿ.

ಪಶು ಆಸ್ಪತ್ರೆಯವರನ್ನು ಕರೆದುಕೊಂಡು ಮನೆಮನೆಗೆ ಹೋದೆವು. ಜನ ಬಾಯಿ ಬಿಡುವುದಿಲ್ಲ. "ಲೆಕ್ಕ ಯಾಕೆ, ಸಾಲ ಕೊಡ್ತೀರಾ?" ಅಂತಾರೆ. ಒಬ್ಬ ಅಜ್ಜಿ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. "ದನ ಎಣಿಸಬಾರದು ಕಣವ್ವ, ದೃಷ್ಟಿ ಆಗ್ತದೆ." ಕೊನೆಗೆ ಅವರೇ ಒಂದೊಂದರ ಹೆಸರು ಹೇಳಿದರು. ಗೌರಿ, ಕೆಂಪಿ, ಹಂಡ... ನಾವು ಹೆಸರು ಬರೆದುಕೊಂಡು ಹೊರಗೆ ಬಂದು ಎಣಿಸಿದೆವು! ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಸೀಮೆ ಹಸುಗಳನ್ನು ಬಹಳ ಮನೆಯವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವನ್ನೂ ಸೇರಿಸಿದ ಮೇಲೆ ನಮ್ಮ ಗೋಮಾಳ ಹೆಚ್ಚುವರಿ ಅನ್ನುವ ಮಾತೇ ನಿಂತುಹೋಯಿತು.

ಆಮೇಲೆ ಅಳತೆ. ಪಹಣಿ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ಗ್ರಾಮ ನಕ್ಷೆ ಮೂರನ್ನೂ ತೆಗೆಸಿ ವಿಸ್ತೀರ್ಣ ತಾಳೆ ನೋಡಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಿಡಿದು ಓಡಾಡಿದರೆ ಎಲ್ಲಿ ಯಾವ ಸರ್ವೆ ನಂಬರ್ ಅಂತ ಅಂದಾಜು ಸಿಗುತ್ತದೆ, ಆದರೆ ಅದನ್ನೇ ಹಿಡಿದು ಜಗಳಕ್ಕೆ ಹೋಗಬೇಡಿ. ಗಡಿ ಗುರುತಿಸಲು ಸರ್ವೆಯವರೇ ಬರಬೇಕು. ಅಕ್ಕಪಕ್ಕದ ಜಮೀನಿನವರಿಗೆಲ್ಲ ನೋಟಿಸ್ ಹೋಗಬೇಕು, ಮಹಜರಿಗೆ ಅವರ ಸಹಿ ಬೇಕು.

ನಮ್ಮಲ್ಲಿ ಗಡಿ ತೋರಿಸುವ ಒಂದು ಬಾಂದು ಕಲ್ಲು ಎಷ್ಟು ಹುಡುಕಿದರೂ ಸಿಗಲಿಲ್ಲ. ಪಕ್ಕದ ತೆಂಗಿನ ತೋಟದೊಳಗೆ, ಬೋರ್‌ವೆಲ್ ಹತ್ತಿರ, ಬಟ್ಟೆ ಒಗೆಯುವ ಕಲ್ಲಾಗಿ ಅರ್ಧ ಹೂತು ಕೂತಿತ್ತು. "ಅಕ್ಕ, ಅದು ನಮ್ಮಜ್ಜನ ಕಾಲದಿಂದ ಅಲ್ಲೇ ಐತೆ, ನಾವೇನು ತಂದು ಹಾಕಿದ್ದಲ್ಲ" ಅಂದರು ತೋಟದವರು. ಸರ್ವೆಯವರು ನಕ್ಕರು. "ಹಾಗಾದ್ರೆ ಗಡಿನೂ ಅಲ್ಲೇ ಅಲ್ವಾ ಯಜಮಾನ್ರೇ?" ನಕ್ಷೆ ಹಿಡಿದು ಅಳೆದರೆ ಸರಿಯಾಗಿ ಅಲ್ಲಿಗೇ ಬಂತು. ಕಲ್ಲಿನಿಂದ ಈಚೆಗೆ, ಗೋಮಾಳದೊಳಗೆ, ನಾಲ್ಕು ಸಾಲು ತೆಂಗು.

ಒತ್ತುವರಿ ಅಂದ ಕೂಡಲೇ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆ ಇಲ್ಲ. ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ನಮೂನೆ 57ರ ಅರ್ಜಿ ಹಾಕಿಕೊಂಡು ಒಂದು ಎಕರೆ ರಾಗಿ ಬೆಳೆಯುವ ಭೂಮಿ ಇಲ್ಲದವರು ಬೇರೆ. ಜೆಸಿಬಿ ತಂದು ಗ್ರಾವೆಲ್ ತೋಡುವವರು, ಶುಂಠಿ ಹಾಕಲು ಬಾಡಿಗೆಗೆ ಬಿಡುವವರು ಬೇರೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಾಗಗಳ ಒತ್ತುವರಿ ತೆರವು ಮಾಡಿಸಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಸಕ್ರಮ ಮಾಡುವುದಿದ್ದರೆ ಅಪರೂಪಕ್ಕೆ ಮಾತ್ರ, ಭೂಮಿ ಇಲ್ಲದ ಕೂಲಿಯವರು, ಪರಿಶಿಷ್ಟರು ಇಂಥವರ ವಿಷಯದಲ್ಲಿ ಅಂತಲೂ ಅದರಲ್ಲೇ ಇದೆ. ಆ ತೀರ್ಪಿನ ಪ್ರತಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಿದೆ. ಗದ್ದಲ ಕಮ್ಮಿ ಆಯಿತು.

ಇದಕ್ಕಿಂತ ಕಷ್ಟ ಆಗಿದ್ದು ನಮ್ಮ ಪಂಚಾಯಿತಿಯ ಒಳಗೇ. ಕಸ ವಿಲೇವಾರಿ ಘಟಕಕ್ಕೆ ಜಾಗ ಬೇಕು, ನಿವೇಶನಕ್ಕೆ ಬೇಕು, ಸ್ಮಶಾನಕ್ಕೆ ಬೇಕು. ಎಲ್ಲದಕ್ಕೂ ಗೋಮಾಳವೇ ಕಾಣುತ್ತದೆ. ಸ್ಮಶಾನಕ್ಕೆ ಒಂದು ಮೂಲೆ ಬಿಡಲು ನಾನೇ ಒಪ್ಪಿದೆ, ಊರಿಗೆ ಅದು ಇರಲೇಬೇಕು. ಕಸಕ್ಕೆ ಒಪ್ಪಲಿಲ್ಲ. ಪ್ಲಾಸ್ಟಿಕ್ ತಿಂದ ದನದ ಹೊಟ್ಟೆ ಕೊಯ್ದದ್ದನ್ನು ನೋಡಿದವರು ಯಾರೂ ಒಪ್ಪುವುದಿಲ್ಲ.

ಕಲ್ಲು ನೆಟ್ಟ ಮೇಲೆ ಉದ್ಯೋಗ ಖಾತ್ರಿಯಲ್ಲಿ ಗಡಿಗುಂಟ ಕಂದಕ ತೋಡಿಸಿ, ಒಳಗೆ ದನ ನೀರು ಕುಡಿಯಲು ಒಂದು ಗೋಕಟ್ಟೆ ಮಾಡಿಸಿದೆವು. ಕಂದಕದ ದಂಡೆಗೆ ಹೊಂಗೆ, ಹುಣಸೆ, ಬೇವು. ಒಳಗೂ ಪೂರ್ತಿ ಗಿಡ ನೆಡೋಣ ಅನ್ನುವ ಸಲಹೆ ಬಂತು. ಬೇಡ ಅಂದೆವು. ಬಯಲು ಕಂಡರೆ ಗುಂಡಿ ತೋಡುವ ಚಟ ಒಳ್ಳೆಯದಲ್ಲ. ಮರದ ನೆರಳು ಬಿದ್ದರೆ ಹುಲ್ಲು ಸೊರಗುತ್ತದೆ, ಕುರಿಯವರು ಎಲ್ಲಿಗೆ ಹೋಗಬೇಕು? ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು (ಅಮೃತ ಮಹಲ್ ತಳಿಯ ದನಗಳಿಗೆ ಬಿಟ್ಟ ಹುಲ್ಲುಗಾವಲು) ನೋಡಿ. ಕೃಷ್ಣಮೃಗಗಳು ಅಲ್ಲಿ ಉಳಿದಿರುವುದು ಹುಲ್ಲುಗಾವಲು ಹುಲ್ಲುಗಾವಲಾಗಿಯೇ ಇದ್ದುದಕ್ಕೆ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದರು. ಅಂಥ ಮೀಸಲಿನ ನಿರ್ವಹಣಾ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಗಳ ಪ್ರತಿನಿಧಿ ಇರಬೇಕು ಅಂತ ವನ್ಯಜೀವಿ ಕಾಯ್ದೆಯಲ್ಲೇ ಇದೆ. ಬಹಳ ಸದಸ್ಯರಿಗೆ ಇದು ಗೊತ್ತಿಲ್ಲ.

ಸದಸ್ಯರು ಐದು ವರ್ಷಕ್ಕೆ ಬದಲಾಗುತ್ತಾರೆ, ಪಿಡಿಒ ಅದಕ್ಕೂ ಮೊದಲೇ ವರ್ಗ ಆಗುತ್ತಾರೆ. ಅದಕ್ಕೇ ಠರಾವು, ರಾಸುಗಳ ಪಟ್ಟಿ, ಸರ್ವೆ ನಕ್ಷೆ, ಮಹಜರು ಎಲ್ಲದರ ದೃಢೀಕೃತ ನಕಲನ್ನು ಪಂಚಾಯಿತಿ ಬೀರುವಿನ ಜೊತೆಗೆ ಹಾಲಿನ ಡೇರಿಯಲ್ಲೂ ಒಂದು ಪ್ರತಿ ಇಡಿಸಿದ್ದೇನೆ. ಡೇರಿಗೆ ದಿನಾ ಎರಡು ಹೊತ್ತು ಜನ ಬರುತ್ತಾರೆ, ಗೋಮಾಳ ಹೋದರೆ ಮೊದಲು ಕೇಳುವವರೂ ಅವರೇ.